ಮುನ್ನೂರು ಫೋಟೊ, ಒಂದೇ ಆಜ್ಞೆ

ಮುಂಬೈಯ ಕನ್ನಡ ಸಂಘಗಳ ಕಾರ್ಯಕ್ರಮಗಳಿಗೆ ಭಾನುವಾರವೇ ಪ್ರಶಸ್ತ. ಮಾಹಿಮ್‌ನ ಕರ್ನಾಟಕ ಸಂಘದಲ್ಲಿ ಪುಸ್ತಕ ಬಿಡುಗಡೆ, ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಉಪನ್ಯಾಸ, ಕುರ್ಲಾದ ಬಂಟರ ಭವನದಲ್ಲಿ ಸನ್ಮಾನ, ಸಾಂತಾಕ್ರೂಜ್‌ನ ಬಿಲ್ಲವ ಭವನದಲ್ಲಿ ಯಕ್ಷಗಾನ ಒಂದೇ ದಿನ ನಡೆದರೂ ಅಚ್ಚರಿಯಿಲ್ಲ. ಈ ಸಂಘಗಳಲ್ಲಿ ಹಲವಕ್ಕೆ ಸ್ವಂತ ಪತ್ರಿಕೆಯೂ ಉಂಟು: ‘ಸ್ನೇಹ ಸಂಬಂಧ’, ‘ನೇಸರು’, ‘ಬಂಟರವಾಣಿ’, ‘ಅಕ್ಷಯ’, ‘ಮೊಗವೀರ’, ‘ಗೋಕುಲವಾಣಿ’. ಸಭೆ ಮುಗಿದು ಜನ ಲೋಕಲ್ ಹಿಡಿಯುವ ಹೊತ್ತಿಗೆ ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದು ಬೀಳತೊಡಗುತ್ತವೆ. ಒಂದೊಂದರ ಹೆಸರೂ ಒಂದೇ ಅಚ್ಚಿನದು: ಮೊದಲು ‘ಐಎಂಜಿ’, ಆಮೇಲೆ ಎಂಟು ಅಂಕಿಯ ದಿನಾಂಕ, ಕೊನೆಗೆ ‘ಡಬ್ಲ್ಯುಎ’ ಮತ್ತು ಒಂದು ಕ್ರಮಸಂಖ್ಯೆ. ಯಾರು, ಎಲ್ಲಿ, ಯಾವ ಸಭೆ ಎಂಬುದರ ಸುಳಿವು ಹೆಸರಿನಲ್ಲಿ ಇರುವುದಿಲ್ಲ.

ಇನ್ನು ಮುಂದಿನದು ಪುಟ ಕಟ್ಟುವವರ ಪಾಲಿನ ಕೆಲಸ. ಫೋಟೊ ತೆರೆಯಬೇಕು, ಅಡ್ಡ ಬಿದ್ದಿದ್ದರೆ ನೆಟ್ಟಗೆ ಮಾಡಬೇಕು, ಅಳತೆ ಇಳಿಸಬೇಕು, ಸ್ವಲ್ಪ ಬೆಳಕು ಏರಿಸಬೇಕು, ಬೇರೆ ಹೆಸರಿನಲ್ಲಿ ಉಳಿಸಬೇಕು, ಮುಚ್ಚಬೇಕು. ಒಂದು ಚಿತ್ರಕ್ಕೆ 40 ಸೆಕೆಂಡು ಸಾಕು ಎಂದುಕೊಂಡರೂ 300 ಚಿತ್ರಕ್ಕೆ 3 ಗಂಟೆ 20 ನಿಮಿಷ ಬೇಕು. ಚರ್ಚ್‌ಗೇಟ್‌ನಿಂದ ಸ್ಲೋ ಲೋಕಲ್‌ನಲ್ಲಿ ವಿರಾರ್‌ಗೆ ಹೋಗಿ ವಾಪಸ್ ಬರುವಷ್ಟು ಹೊತ್ತು. ಅಷ್ಟು ಹೊತ್ತಿನಲ್ಲಿ ತಲೆ ಓಡಿಸಬೇಕಾದ ಸಂದರ್ಭ ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಬೆರಳಿನ ದುಡಿಮೆ. ದಿನವಿಡೀ ಆಫೀಸಿನಲ್ಲಿ ದುಡಿದು, ಪತ್ರಿಕೆಯ ಪ್ರೀತಿಗಾಗಿ ರಾತ್ರಿ ಕೂರುವವರು ತಮ್ಮ ಸಮಯವನ್ನು ಇದಕ್ಕೆ ಸುರಿಯಬೇಕಾಗಿಲ್ಲ. ಹೀಗೆ ಮರುಕಳಿಸುವ ಕೆಲಸವನ್ನು ತಂತ್ರಾಂಶವೇ ಮಾಡುವಂತೆ ಬರೆದಿಡುವ ಸೂಚನೆಗಳಿಗೆ ಸ್ಕ್ರಿಪ್ಟ್ ಎನ್ನುತ್ತಾರೆ. ಕಲಿಯಲು ಎಂಜಿನಿಯರಿಂಗ್ ಪದವಿ ಬೇಡ, ಆರಂಭಿಸಲು ಹಣವೂ ಬೇಡ.

ಮರುಕಳಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಈ ಬಯಕೆ ಚಿತ್ರ ತಿದ್ದುವ ತಂತ್ರಾಂಶಗಳಷ್ಟೇ ಹಳೆಯದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಥಾಮಸ್ ನಾಲ್ ಮತ್ತು ಸಿನಿಮಾ ವಿಶುವಲ್ ಎಫೆಕ್ಟ್ಸ್ ಕೆಲಸದಲ್ಲಿದ್ದ ಅವರ ಸೋದರ ಜಾನ್ ನಾಲ್ ಸೇರಿ ರೂಪಿಸಿದ ಫೋಟೊಶಾಪ್ 1990ರ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ತೆರೆದಾಗಲೆಲ್ಲ ಪರದೆಯ ಮೇಲೆ ಮೂಡುವ ಹೆಸರುಗಳ ಸಾಲಿನಲ್ಲಿ ಸೀತಾರಾಮನ್ ನಾರಾಯಣನ್ ಎಂಬ ಭಾರತೀಯ ಹೆಸರನ್ನು ಈ ದೇಶದ ಡಿಟಿಪಿ ಆಪರೇಟರುಗಳ ಒಂದು ತಲೆಮಾರೇ ದಿನಾ ನೋಡಿದೆ. ಬಳಕೆದಾರ ಮಾಡಿದ ಹೆಜ್ಜೆಗಳನ್ನು ದಾಖಲಿಸಿಕೊಂಡು ಬೇರೆ ಚಿತ್ರಗಳ ಮೇಲೂ ಓಡಿಸುವ ‘ಆ್ಯಕ್ಷನ್’ ಸೌಲಭ್ಯ 1996ರ ನಾಲ್ಕನೇ ಆವೃತ್ತಿಯಲ್ಲಿ ಸೇರಿತು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಸೂಚನೆ ಬರೆದು ಫೋಟೊಶಾಪನ್ನು ನಡೆಸುವ ಅವಕಾಶ 2002ರ ಏಳನೇ ಆವೃತ್ತಿಗೆ ಹೆಚ್ಚುವರಿಯಾಗಿ ದೊರೆತು, ಮುಂದಿನ ಆವೃತ್ತಿಯಿಂದ ಅದರ ಭಾಗವೇ ಆಯಿತು.

ಜಾನ್ ನಾಲ್ ಅವರ ಕೆಲಸಕ್ಕೂ ಮುಂಬೈಗೂ ಒಂದು ನಂಟಿದೆ. ಅವರ ಉಸ್ತುವಾರಿಯಲ್ಲಿ ‘ಸ್ಟಾರ್ ವಾರ್ಸ್’ ಸರಣಿಯ ‘ದಿ ಫ್ಯಾಂಟಮ್ ಮೆನೇಸ್’ ಚಿತ್ರವನ್ನು 3ಡಿ ರೂಪಕ್ಕೆ ತಂದು 2012ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ, ಪರಿವರ್ತನೆಯ ಕೆಲಸ ಹೊತ್ತದ್ದು 1997ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪ್ರೈಮ್ ಫೋಕಸ್ ಸಂಸ್ಥೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರವೆಂದರೆ 2,16,000 ಬಿಡಿ ಚಿತ್ರಗಳು. ಅವುಗಳಿಗೆ ಹೆಸರಿಡುವುದು, ಅಳತೆ ಹೊಂದಿಸುವುದು, ಒಬ್ಬ ಕಲಾವಿದನ ಮೇಜಿನಿಂದ ಇನ್ನೊಬ್ಬನ ಮೇಜಿಗೆ ಸಾಗಿಸುವುದು ಕೈಯಿಂದ ಆಗುವ ಮಾತಲ್ಲ. ವಿಶುವಲ್ ಎಫೆಕ್ಟ್ಸ್ ಸ್ಟುಡಿಯೊಗಳಲ್ಲಿ ಪೈಥಾನ್ ಸ್ಕ್ರಿಪ್ಟ್ ಬರೆಯುವವರಿಗೆಂದೇ ಬೇರೆ ಹುದ್ದೆಗಳಿರುವುದು ಇದೇ ಕಾರಣಕ್ಕೆ. ಅವರು ಬರೆಯುವ ಸೂಚನೆಗಳಿಗೂ ಡೊಂಬಿವಲಿಯ ಒಂದು ಫೋಟೊ ಸ್ಟುಡಿಯೊಗೆ ಬೇಕಾದ ಸೂಚನೆಗಳಿಗೂ ಗಾತ್ರದಲ್ಲಿ ವ್ಯತ್ಯಾಸ ಇರಬಹುದು, ಜಾತಿ ಒಂದೇ.

ಫೋಟೊಶಾಪ್ ಕೈಯಲ್ಲಿದ್ದವರು ಆ್ಯಕ್ಷನ್‌ನಿಂದಲೇ ಶುರುಮಾಡುವುದು ಒಳ್ಳೆಯದು, ಏಕೆಂದರೆ ಇಲ್ಲಿ ಒಂದಕ್ಷರವನ್ನೂ ಬರೆಯಬೇಕಾಗಿಲ್ಲ. ಆ್ಯಕ್ಷನ್ಸ್ ಪಟ್ಟಿ ತೆರೆದು, ಹೊಸದಕ್ಕೊಂದು ಹೆಸರು ಕೊಟ್ಟು, ಕೆಂಪು ಗುಂಡಿ ಒತ್ತಿ ಒಂದು ಚಿತ್ರದ ಮೇಲೆ ಕೆಲಸ ಮಾಡಿ ತೋರಿಸಿದರೆ ಸಾಕು. ಆದರೆ ಮೊದಲ ದಿನವೇ ಎಡವಿಸುವ ಮೂರು ಜಾಗಗಳಿವೆ. ಇಮೇಜ್ ಸೈಜ್‌ನಲ್ಲಿ ಅಗಲ 1200 ಎಂದು ದಾಖಲಿಸಿದರೆ ಅಡ್ಡ ಫೋಟೊಗಳು ಸರಿಯಾಗುತ್ತವೆ, ಉದ್ದ ಫೋಟೊಗಳು ಮಾತ್ರ ವಿಪರೀತ ಎತ್ತರಕ್ಕೆ ಬೆಳೆಯುತ್ತವೆ. ಅದರ ಬದಲು ಫೈಲ್ ಮೆನುವಿನ ಆಟೊಮೇಟ್ ಕೆಳಗಿರುವ ‘ಫಿಟ್ ಇಮೇಜ್’ ಬಳಸಿದರೆ ಅಡ್ಡವಿರಲಿ ಉದ್ದವಿರಲಿ, ಚಿತ್ರ ಕೊಟ್ಟ ಚೌಕಟ್ಟಿನೊಳಗೆ ಕೂರುತ್ತದೆ. ಕತ್ತರಿಸುವ ಕೆಲಸ ದಾಖಲಿಸುವ ಮುನ್ನ ಅಳತೆಯ ಮಾನವನ್ನು ಪಿಕ್ಸೆಲ್‌ನಿಂದ ಶೇಕಡಾಕ್ಕೆ ಬದಲಿಸಿಕೊಳ್ಳಬೇಕು, ಆಗ ದೊಡ್ಡ ಚಿತ್ರಕ್ಕೂ ಚಿಕ್ಕ ಚಿತ್ರಕ್ಕೂ ಅದು ಹೊಂದುತ್ತದೆ. ಮೂರನೆಯದು ಅಪಾಯದ್ದು. ‘ಸೇವ್ ಆ್ಯಸ್’ ದಾಖಲಿಸುವಾಗ ಕಡತದ ಹೆಸರನ್ನು ಬೆರಳಚ್ಚಿಸಿದರೆ ಆ ಹೆಸರೂ ದಾಖಲಾಗಿಬಿಡುತ್ತದೆ. ಮುನ್ನೂರೂ ಚಿತ್ರಗಳು ಅದೇ ಹೆಸರಿನಲ್ಲಿ ಒಂದರ ಮೇಲೊಂದು ಉಳಿದು, ಕೊನೆಗೆ ಫೋಲ್ಡರಿನಲ್ಲಿ ಸಿಗುವುದು ಒಂದೇ ಚಿತ್ರ. ಇದನ್ನು ತಡೆಯಲೆಂದೇ, ಆ್ಯಕ್ಷನ್ನನ್ನು ಇಡೀ ಫೋಲ್ಡರಿನ ಮೇಲೆ ಓಡಿಸುವ ಬ್ಯಾಚ್ ಕಿಟಕಿಯಲ್ಲಿ, ಆ್ಯಕ್ಷನ್ನಿನ ಸೇವ್ ಆ್ಯಸ್ ಆಜ್ಞೆಯನ್ನು ಕಡೆಗಣಿಸು ಎಂದು ಹೇಳುವ ಚೌಕವಿದೆ. ಅದಕ್ಕೆ ಗುರುತು ಹಾಕಬೇಕು.

ಇದಕ್ಕಿಂತಲೂ ಸಲೀಸಾದದ್ದು ಫೈಲ್ ಮೆನುವಿನ ಸ್ಕ್ರಿಪ್ಟ್ಸ್ ಒಳಗೆ ಕೂತಿರುವ ‘ಇಮೇಜ್ ಪ್ರೊಸೆಸರ್’. ಯಾವ ಫೋಲ್ಡರು, ಎಷ್ಟು ಅಳತೆ, ಜೆಪಿಇಜಿ ಬೇಕೋ ಟಿಫ್ ಬೇಕೋ ಎಂದು ಹೇಳಿದರೆ ಮುಗಿಯಿತು. ಹೊಸ ಚಿತ್ರಗಳು ಬೇರೆ ಫೋಲ್ಡರಿಗೆ ಹೋಗುತ್ತವೆ, ಮೂಲಕ್ಕೆ ಧಕ್ಕೆಯಿಲ್ಲ. ವರ್ಷಗಟ್ಟಲೆ ಫೋಟೊಶಾಪ್ ಬಳಸಿದವರಲ್ಲೂ ಈ ಕಿಟಕಿಯನ್ನು ಒಮ್ಮೆಯೂ ತೆರೆಯದವರಿದ್ದಾರೆ. ಸಂಘದ ಪತ್ರಿಕೆಗೆ ಬೇಕಾದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಗೇ ಮುಗಿಯುತ್ತದೆ.

ಆ್ಯಕ್ಷನ್‌ಗೆ ಹೆಚ್ಚು ತಿಳಿಯದು. ಕಡತದ ಹೆಸರು ಓದಿ ಅದರಂತೆ ನಡೆಯುವುದು, ಎಣಿಸುವುದು, ಹೆಸರುಗಳ ಪಟ್ಟಿಯಿಂದ ಒಂದೊಂದನ್ನೇ ಎತ್ತಿಕೊಂಡು ಒಂದೊಂದು ಚಿತ್ರಕ್ಕೆ ಹಾಕುವುದು ಅದರಿಂದಾಗದು. ನಿಜವಾದ ಸ್ಕ್ರಿಪ್ಟಿನ ಅಗತ್ಯ ಬೀಳುವುದು ಅಲ್ಲಿ. ಫೋಟೊಶಾಪ್‌ಗೆ ‘ಸ್ಕ್ರಿಪ್ಟ್ ಲಿಸನರ್’ ಎಂಬ ಪ್ಲಗ್‌ಇನ್ ಇದೆ; ಅದನ್ನು ಹಾಕಿಕೊಂಡರೆ ಬಳಕೆದಾರ ಮಾಡುವ ಪ್ರತಿ ಕ್ರಿಯೆಯನ್ನೂ ಜಾವಾಸ್ಕ್ರಿಪ್ಟ್ ಸಾಲುಗಳಾಗಿ ಒಂದು ಕಡತಕ್ಕೆ ಇಳಿಸುತ್ತದೆ. ಸಾಲುಗಳು ನೋಡಲು ಒರಟು. ಆದರೂ ಅವುಗಳ ನಡುವೆ 1200 ಎಂಬ ಸಂಖ್ಯೆ ಕಂಡು, ಅದನ್ನು 1600 ಮಾಡಿ ಮತ್ತೆ ಓಡಿಸಿದಾಗ ಚಿತ್ರದ ಅಳತೆ ಬದಲಾದದ್ದನ್ನು ಕಣ್ಣಾರೆ ಕಂಡವರಿಗೆ ಸ್ಕ್ರಿಪ್ಟಿನ ಭಯ ಅಲ್ಲೇ ಅರ್ಧ ಇಳಿಯುತ್ತದೆ.

ಫೋಟೊಶಾಪ್‌ಗೆ ತಿಂಗಳ ಬಾಡಿಗೆ ತೆರಲಾಗದವರಿಗೆ ದಾರಿ ಮುಚ್ಚಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಕೈಹಾಕಿದ ಗಿಂಪ್ ಇಂದು ಪೂರ್ತಿ ಉಚಿತವಾಗಿ ಸಿಗುವ ಪ್ರೌಢ ತಂತ್ರಾಂಶ, ಅದರ 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಹೊರಬಂತು. ಹೆಜ್ಜೆಗಳನ್ನು ದಾಖಲಿಸಿಕೊಳ್ಳುವ ಕೆಂಪು ಗುಂಡಿ ಗಿಂಪ್‌ನಲ್ಲಿಲ್ಲ ಎಂಬುದು ಹೊಸಬರಿಗೆ ಸ್ವಲ್ಪ ಕಷ್ಟವೇ. ಆದರೆ ಸ್ಕ್ರಿಪ್ಟ್‌ಫು, ಪೈಥಾನ್ ಎರಡರಲ್ಲೂ ಅದಕ್ಕೆ ಆಜ್ಞೆ ಬರೆಯಬಹುದು. ಹಳೆಯ ಗಿಂಪ್‌ಗಾಗಿ ಬರೆದ ಪೈಥಾನ್ ಸ್ಕ್ರಿಪ್ಟ್‌ಗಳು ಹೊಸದರಲ್ಲಿ ಹಾಗೆಯೇ ಓಡುವುದಿಲ್ಲ. ಹುಡುಕಿ ತಂದ ಪಾಠ ಯಾವ ಆವೃತ್ತಿಗೆ ಬರೆದದ್ದು ಎಂದು ಮೊದಲು ನೋಡಿಕೊಳ್ಳಬೇಕು.

ಗಿಂಪ್ ಕಲಿಯಲು ಮುಂಬೈಯವರಿಗೆ ಮನೆಯಂಗಳದ್ದೇ ಒಂದು ಪಾಠಶಾಲೆ ಇದೆ. ಪವಾಯಿಯ ಐಐಟಿ ಬಾಂಬೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದಾಗ ಕಣ್ಣನ್ ಮೌದ್ಗಲ್ಯ ಅವರು ಕಟ್ಟಿದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಮುಕ್ತ ತಂತ್ರಾಂಶಗಳ ಪಾಠಗಳನ್ನು ಸುಮಾರು ಹತ್ತು ನಿಮಿಷದ ತುಣುಕುಗಳಾಗಿ ಒಡೆದು ಕೊಡುತ್ತದೆ. ಪರದೆಯ ಮೇಲಿನ ಮೆನುಗಳು ಇಂಗ್ಲಿಷಿನಲ್ಲೇ ಇರುತ್ತವೆ, ವಿವರಣೆಯ ದನಿ ಮಾತ್ರ ಕನ್ನಡವೂ ಸೇರಿದಂತೆ ಭಾರತದ ಭಾಷೆಗಳಿಗೆ ಬದಲಾಗುತ್ತದೆ. ಪರದೆಯ ಒಂದು ಪಕ್ಕದಲ್ಲಿ ಪಾಠ, ಇನ್ನೊಂದು ಪಕ್ಕದಲ್ಲಿ ತಂತ್ರಾಂಶ ತೆರೆದಿಟ್ಟು, ನಿಲ್ಲಿಸಿ ನಿಲ್ಲಿಸಿ ಜತೆಗೇ ಮಾಡುತ್ತ ಹೋಗುವುದು ಅವರು ಹೇಳುವ ಕ್ರಮ. ಗಿಂಪ್ ಸರಣಿಯ ಮೂಲ ಪಾಠಗಳನ್ನು ಜರ್ಮನಿಯ ಬ್ರೆಮೆನ್ ನಗರದಲ್ಲಿ ಕೂತು ದಾಖಲಿಸಿದವರು ರೋಲ್ಫ್ ಸ್ಟೈನೋರ್ಟ್. ಪೈಥಾನ್, ಲಿನಕ್ಸ್ ಪಾಠಗಳೂ ಅಲ್ಲಿವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಫೋರ್ಟ್‌ನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಸಮುದಾಯಕ್ಕೆ ಇಂಥ ಕಲಿಕೆಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಚಿತ್ರವನ್ನು ಕಣ್ಣಿಗೆ ತೋರಿಸದೆಯೇ ತಿದ್ದುವ ತಂತ್ರಾಂಶಗಳೂ ಇವೆ. ಡ್ಯುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1990ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಇಮೇಜ್‌ಮ್ಯಾಜಿಕ್ ಅಂಥದ್ದು. ಅದಕ್ಕೆ ಮೆನು, ಗುಂಡಿಗಳ ಹಂಗಿಲ್ಲ. ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದರೆ ಕೆಲಸ ನಡೆಯುತ್ತದೆ. ಪೈಥಾನ್ ಬಲ್ಲವರಿಗೆ ಪಿಲ್ಲೋ ಎಂಬ ಲೈಬ್ರರಿ ಇದೆ. ಇನ್ನೂ ಸುಲಭದ್ದು ಬೇಕೆಂದರೆ, ಆಸ್ಟ್ರಿಯಾದಲ್ಲಿ ನೆಲೆಸಿದ ಇರ್ಫಾನ್ ಸ್ಕಿಲ್ಯಾನ್ 1996ರಲ್ಲಿ ಹೊರತಂದ ಇರ್ಫಾನ್‌ವ್ಯೂನಲ್ಲಿ ‘ಬಿ’ ಕೀಲಿ ಒತ್ತಿದರೆ ನೂರಾರು ಚಿತ್ರಗಳ ಅಳತೆಯನ್ನೂ ಹೆಸರನ್ನೂ ಒಟ್ಟಿಗೆ ಬದಲಿಸುವ ಕಿಟಕಿ ತೆರೆಯುತ್ತದೆ. ಸ್ವಂತ ಬಳಕೆಗೆ ಅದು ಉಚಿತ, ವ್ಯಾಪಾರಕ್ಕೆ ಪರವಾನಗಿ ಕೊಳ್ಳಬೇಕು.

ಉಪನಗರದ ಸ್ಟೇಷನ್‌ಗಳ ಹೊರಗೆ ಝೆರಾಕ್ಸ್ ಅಂಗಡಿಗೆ ಅಂಟಿಕೊಂಡಿರುವ ಫೋಟೊ ಸ್ಟುಡಿಯೊದ ಒಂದು ಕೆಲಸವನ್ನು ಹತ್ತಿರದಿಂದ ನೋಡಬಹುದು. ಗಿರಾಕಿಗೆ ಅರ್ಜಿಗೆ ಅಂಟಿಸಲು ಎಂಟು ಫೋಟೊ ಬೇಕು, ಪ್ರಿಂಟ್ ತೆಗೆಯುವುದು ಆರಿಂಚು ಅಗಲ ನಾಲ್ಕಿಂಚು ಎತ್ತರದ ಕಾಗದದಲ್ಲಿ. ಒಂದು ಫೋಟೊದ ಅಳತೆ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅದು 413 ಮತ್ತು 531 ಪಿಕ್ಸೆಲ್. ಇಡೀ ಕಾಗದ 1800 ಮತ್ತು 1200 ಪಿಕ್ಸೆಲ್. ಅಡ್ಡಕ್ಕೆ ನಾಲ್ಕು ಜೋಡಿಸಿದರೆ 1652 ಆಗಿ 148 ಪಿಕ್ಸೆಲ್ ಮಿಗುತ್ತದೆ. ಎರಡು ಸಾಲಿಗೆ 1062 ಆಗಿ 138 ಮಿಗುತ್ತದೆ. ಮಿಕ್ಕಿದ್ದು ಕತ್ತರಿ ಓಡಲು ಬೇಕಾದ ಬಿಳಿ ಅಂಚು. ಈ ಲೆಕ್ಕ ಒಮ್ಮೆ ಹಾಕಿದ್ದೇ ಸ್ಕ್ರಿಪ್ಟಿನ ತಿರುಳು. ಉಳಿದದ್ದು ಐದು ಸಾಲು: ಚಿತ್ರ ತೆರೆ, 413 ಮತ್ತು 531ಕ್ಕೆ ಇಳಿಸು, 1800 ಮತ್ತು 1200ರ ಬಿಳಿ ಹಾಳೆ ಮಾಡು, ಎರಡು ಸಾಲು ನಾಲ್ಕು ಕಾಲಮ್ಮಿನಂತೆ ಅಂಟಿಸು, ಪ್ರಿಂಟ್ ಫೋಲ್ಡರಿಗೆ ಉಳಿಸು. ಇಮೇಜ್‌ಮ್ಯಾಜಿಕ್‌ನ ಮಾಂಟಾಜ್ ಆಜ್ಞೆ ಇದನ್ನು ಒಂದೇ ಸಾಲಿನಲ್ಲಿ ಮಾಡುತ್ತದೆ.

ಮುಖವನ್ನು ಗುರುತಿಸಿ ತಾನಾಗಿ ಕತ್ತರಿಸುವ ಸ್ಕ್ರಿಪ್ಟೂ ಬರೆಯಬಹುದು, ಅದಕ್ಕೆ ಬೇಕಾದ ಲೈಬ್ರರಿಗಳು ಉಚಿತ. ಆದರೂ ಆ ಒಂದು ಹೆಜ್ಜೆಯನ್ನು ಕೈಗೇ ಬಿಡುವುದು ಜಾಣತನ. ಜಡೆ, ಪೇಟ, ಹಿಜಾಬ್, ವಾಲಿದ ತಲೆ ಇವನ್ನೆಲ್ಲ ನೋಡಿ ಎಷ್ಟು ಬಿಡಬೇಕು ಎಂದು ತೀರ್ಮಾನಿಸುವ ಅಭ್ಯಾಸ ಸ್ಟುಡಿಯೊ ಹುಡುಗರ ಕಣ್ಣಿಗೆ ಇದೆ. ಕತ್ತರಿಸುವುದು ಅವರು, ಜೋಡಿಸುವುದು ಸ್ಕ್ರಿಪ್ಟ್ ಎಂದು ಹಂಚಿಕೊಂಡರೆ ತಪ್ಪು ಕಡಿಮೆ.

ಮಲಾಡ್‌ನ ಇಮಿಟೇಷನ್ ಆಭರಣದ ವ್ಯಾಪಾರಿಗಳದ್ದು ಇನ್ನೊಂದು ಅಗತ್ಯ. ಅಮೆಜಾನ್‌ನಲ್ಲಿ ಮಾರಲು ಹಾಕುವ ಮುಖ್ಯ ಚಿತ್ರದ ಹಿನ್ನೆಲೆ ಅಚ್ಚ ಬಿಳಿಯೇ ಆಗಿರಬೇಕು, ಅಂದರೆ ಕೆಂಪು, ಹಸಿರು, ನೀಲಿ ಮೂರೂ 255. ವಸ್ತು ಚೌಕಟ್ಟಿನ ಶೇ 85 ಭಾಗವನ್ನು ತುಂಬಿರಬೇಕು. ಕಣ್ಣಿಗೆ ಬಿಳಿಯಾಗಿ ಕಾಣುವ 250ಕ್ಕೂ ನಿಯಮ ಕೇಳುವ 255ಕ್ಕೂ ಇರುವ ಅಂತರವನ್ನು ರಾತ್ರಿ ಹತ್ತರ ಹೊತ್ತಿನ ದಣಿದ ಕಣ್ಣು ಹಿಡಿಯಲಾರದು. ಸ್ಕ್ರಿಪ್ಟ್ ಪ್ರತಿ ಚಿತ್ರದ ನಾಲ್ಕು ಮೂಲೆಯ ಪಿಕ್ಸೆಲ್ ಓದಿ, 255 ಇಲ್ಲದ್ದನ್ನು ಬೇರೆ ಫೋಲ್ಡರಿಗೆ ತಳ್ಳುತ್ತದೆ. ಇಲ್ಲಿ ಅದು ಚಿತ್ರವನ್ನು ತಿದ್ದುವುದೇ ಇಲ್ಲ, ಸೋಸಿ ಕೊಡುತ್ತದೆ ಅಷ್ಟೆ. ಹೊಸಬರು ಇಂಥ ಸೋಸುವ ಸ್ಕ್ರಿಪ್ಟಿನಿಂದಲೇ ಆರಂಭಿಸಿದರೆ ಚಿತ್ರ ಹಾಳಾಗುವ ಹೆದರಿಕೆಯೂ ಇರುವುದಿಲ್ಲ.

ಸಂಘದ ಪತ್ರಿಕೆಗೂ ಈ ಸೋಸುವಿಕೆ ಬೇಕು. ವಾಟ್ಸ್‌ಆ್ಯಪ್ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದ ಫೋಟೊವನ್ನು ಉದ್ದದ ಬದಿ ಸುಮಾರು 1600 ಪಿಕ್ಸೆಲ್ ಆಗುವಂತೆ ಕುಗ್ಗಿಸುತ್ತದೆ. ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿದರೆ ಅದು ಹದಿಮೂರೂವರೆ ಸೆಂಟಿಮೀಟರಿಗೆ ಸಾಕು. ಒಳಪುಟದ ಸಭೆಯ ಚಿತ್ರಕ್ಕೆ ಧಾರಾಳವಾಯಿತು. ಎ4 ಅಳತೆಯ ಮುಖಪುಟ ಕೇಳುವುದು 2480 ಮತ್ತು 3508 ಪಿಕ್ಸೆಲ್. ಅಷ್ಟಿಲ್ಲದ ಚಿತ್ರಗಳ ಪಟ್ಟಿಯನ್ನು ಸ್ಕ್ರಿಪ್ಟ್ ಭಾನುವಾರ ರಾತ್ರಿಯೇ ಕೊಟ್ಟರೆ, ಮೂಲ ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಫೋಟೊಗ್ರಾಫರನ್ನು ಸೋಮವಾರ ಬೆಳಿಗ್ಗೆಯೇ ಕೇಳಬಹುದು. ಅಚ್ಚಿನ ಹಿಂದಿನ ರಾತ್ರಿ ಮುಖಪುಟ ಮಸುಕಾಗಿದೆ ಎಂದು ತಿಳಿದು ಒದ್ದಾಡುವುದು ತಪ್ಪುತ್ತದೆ.

ಕನ್ನಡದವರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ಚಿತ್ರದ ಮೇಲೆ ಅಕ್ಷರ ಬರೆಯುವಾಗ. ಸನ್ಮಾನ ಪತ್ರ, ಸ್ವಯಂಸೇವಕರ ಗುರುತಿನ ಚೀಟಿ, ವಿದ್ಯಾರ್ಥಿವೇತನದ ಪ್ರಮಾಣಪತ್ರ ಇವುಗಳ ವಿನ್ಯಾಸ ಒಂದೇ, ಹೆಸರು ಮಾತ್ರ ಬೇರೆ ಬೇರೆ. ಫೋಟೊಶಾಪ್‌ನ ‘ವೇರಿಯಬಲ್ಸ್’ ಸೌಲಭ್ಯದಲ್ಲಿ ಹೆಸರಿನ ಪದರವನ್ನು ಎಕ್ಸೆಲ್‌ನಿಂದ ತೆಗೆದ ಸಿಎಸ್‌ವಿ ಪಟ್ಟಿಯ ಒಂದು ಕಾಲಮ್ಮಿಗೆ ಗಂಟು ಹಾಕಿದರೆ ನೂರೈವತ್ತು ಹೆಸರಿಗೆ ನೂರೈವತ್ತು ಕಡತ ತಾವಾಗಿ ಹೊರಬರುತ್ತವೆ. ಅವನ್ನು ಇಮೇಜ್ ಪ್ರೊಸೆಸರಿಗೆ ಕೊಟ್ಟರೆ ಜೆಪಿಇಜಿ ಆಗುತ್ತವೆ. ಆದರೆ ಟೈಪ್ ಆದ್ಯತೆಗಳಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಯನ್ನು, ಹೊಸ ಆವೃತ್ತಿಗಳಲ್ಲಿ ‘ವರ್ಲ್ಡ್ ರೆಡಿ’ ಎಂದಿರುವುದನ್ನು, ಮೊದಲೇ ಆರಿಸಿರಬೇಕು. ಇಲ್ಲದಿದ್ದರೆ ‘ಶೆಟ್ಟಿ’ ಹೋಗಿ ‘ಶೆಟ್‌ಟಿ’ ಆಗುತ್ತದೆ. ಪಿಲ್ಲೋದಲ್ಲೂ ಇದೇ ತೊಡಕು. ರಾಕ್ಮ್ ಎಂಬ ಸಹಾಯಕ ಲೈಬ್ರರಿ ಜತೆಗಿಲ್ಲದಿದ್ದರೆ ಒತ್ತಕ್ಷರ ಬಿಡಿ, ಗುಣಿತದ ಕೊಂಬು ಕೂಡ ತನ್ನ ಜಾಗದಲ್ಲಿ ಕೂರದು. ರಾಕ್ಮ್ ಇದೆಯೇ ಎಂದು ಪಿಲ್ಲೋವನ್ನೇ ಕೇಳಬಹುದು. ವಿಂಡೋಸ್‌ನಲ್ಲಿ ಫ್ರಿಬಿಡಿ ಎಂಬ ಇನ್ನೊಂದು ಕಡತವನ್ನು ಪ್ರತ್ಯೇಕವಾಗಿ ತಂದಿಡಬೇಕಾದೀತು. ಗಿಂಪ್‌ನಲ್ಲಿ ಈ ಕಾಟವಿಲ್ಲ, ಕನ್ನಡವನ್ನು ಅದು ಮೊದಲಿನಿಂದಲೇ ಸರಿಯಾಗಿ ಜೋಡಿಸುತ್ತದೆ.

ಆದ್ದರಿಂದ ನೂರೈವತ್ತು ಪ್ರಮಾಣಪತ್ರ ಓಡಿಸುವ ಮುನ್ನ ಪರೀಕ್ಷೆಗೆಂದು ಐದು ಹೆಸರಿನ ಪುಟ್ಟ ಪಟ್ಟಿ ಇಟ್ಟುಕೊಳ್ಳಬೇಕು: ಶೆಟ್ಟಿ, ಸುವರ್ಣ, ಕೋಟ್ಯಾನ್, ಕರ್ಕೇರ, ಲಕ್ಷ್ಮೀ. ದ್ವಿತ್ವ, ಅರ್ಕಾವತ್ತು, ಯ ಒತ್ತು, ಮೂರು ವ್ಯಂಜನದ ಸಂಯುಕ್ತಾಕ್ಷರ ಎಲ್ಲವೂ ಇದರಲ್ಲಿ ಬಂದವು. ಇವು ಸರಿಯಿದ್ದರೆ ಉಳಿದ ಹೆಸರುಗಳೂ ಬಹುತೇಕ ಸರಿಯಿರುತ್ತವೆ. ಹೆಸರುಗಳ ಪಟ್ಟಿ ನುಡಿಯ ಅಥವಾ ಶ್ರೀಲಿಪಿಯ ಹಳೆಯ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಸಿಎಸ್‌ವಿಯನ್ನು ಯುಟಿಎಫ್-8ರಲ್ಲಿ ಉಳಿಸಬೇಕು. ಫಾಂಟಿಗೆ ದೂರ ಹೋಗಬೇಕಿಲ್ಲ. ಮುಂಬೈಯ ಅಕ್ಷರ ವಿನ್ಯಾಸಕಾರರ ಬಳಗ ಏಕ್ ಟೈಪ್ ರೂಪಿಸಿದ ‘ಬಲೂ ತಮ್ಮ’ ಮತ್ತು 2022ರಲ್ಲಿ ಬಂದ ‘ಅನೇಕ್ ಕನ್ನಡ’ ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅನೇಕ್‌ನಲ್ಲಿ ದೇವನಾಗರಿಯೂ ಇರುವುದರಿಂದ ಕನ್ನಡ ಮತ್ತು ಮರಾಠಿ ಎರಡರಲ್ಲೂ ಮುದ್ರಿಸಬೇಕಾದ ಆಮಂತ್ರಣಕ್ಕೆ ಅಕ್ಷರಗಳು ಒಂದೇ ಮನೆಯವೆಂಬಂತೆ ಹೊಂದಿಕೊಳ್ಳುತ್ತವೆ. ವ್ಯಕ್ತಿಯನ್ನು ವೇದಿಕೆಗೆ ಕರೆದು ಹೆಸರು ತಪ್ಪಾದ ಪತ್ರವನ್ನು ಕೈಗಿಡುವುದು ಸನ್ಮಾನವಲ್ಲ. ಇಷ್ಟು ಎಚ್ಚರ ಅದಕ್ಕಾಗಿಯೇ.

ಇನ್ನು ಕೆಲವು ಅಪಾಯಗಳನ್ನು ಹೇಳದೆ ಬಿಡುವಂತಿಲ್ಲ. ಇಮೇಜ್‌ಮ್ಯಾಜಿಕ್‌ನಲ್ಲಿ ‘ಮೊಗ್ರಿಫೈ’ ಎಂಬ ಆಜ್ಞೆ ಮೂಲ ಕಡತದ ಮೇಲೆಯೇ ಬರೆದುಬಿಡುತ್ತದೆ. ಬೇರೆ ಫೋಲ್ಡರಿನ ದಾರಿ ತೋರಿಸದೆ ಅದನ್ನು ಓಡಿಸಿದರೆ ಮದುವೆಯ ಮೂಲ ಫೋಟೊಗಳು ಹೆಬ್ಬೆರಳಿನಷ್ಟಾಗಿ ಉಳಿಯುತ್ತವೆ, ಹಿಂದಕ್ಕೆ ತರುವ ಉಪಾಯವಿಲ್ಲ. ಮೊಬೈಲ್ ಕ್ಯಾಮೆರಾಗಳು ಚಿತ್ರವನ್ನು ತಿರುಗಿಸದೆ, ‘ಇದನ್ನು ತಿರುಗಿಸಿ ನೋಡು’ ಎಂಬ ಗುರುತನ್ನಷ್ಟೇ ಕಡತದೊಳಗೆ ಬರೆದಿಡುತ್ತವೆ. ಆ ಗುರುತನ್ನು ಓದದ ಸ್ಕ್ರಿಪ್ಟ್ ಅಧ್ಯಕ್ಷರನ್ನು ಅಡ್ಡ ಮಲಗಿಸುತ್ತದೆ. ಇಮೇಜ್‌ಮ್ಯಾಜಿಕ್‌ನಲ್ಲಿ ‘ಆಟೊ ಓರಿಯೆಂಟ್’, ಪಿಲ್ಲೋದಲ್ಲಿ ‘ಎಕ್ಸಿಫ್ ಟ್ರಾನ್ಸ್‌ಪೋಸ್’ ಇದಕ್ಕೆ ಪರಿಹಾರ. ಗಾತ್ರ ಇಳಿಸಲೆಂದು, ಕಡತದೊಳಗಿನ ಹೆಚ್ಚುವರಿ ವಿವರಗಳನ್ನು ಕಳಚುವ ‘ಸ್ಟ್ರಿಪ್’ ಸೇರಿಸಿದರೆ ಬಣ್ಣದ ಪ್ರೊಫೈಲ್ ಕೂಡ ಉದುರಿಹೋಗಿ ರೇಷ್ಮೆ ಸೀರೆಯ ಕೆಂಪು ಸಪ್ಪೆಯಾಗುತ್ತದೆ. ಮೊದಲು ಚಿತ್ರವನ್ನು ಎಸ್‌ಆರ್‌ಜಿಬಿ ಪ್ರೊಫೈಲಿಗೆ ಬದಲಿಸಿ ಆಮೇಲೆ ಸ್ಟ್ರಿಪ್ ಮಾಡಬೇಕು.

ಲೊಕೇಷನ್ ಆನ್ ಇದ್ದ ಮೊಬೈಲಿನ ಮೂಲ ಫೋಟೊದಲ್ಲಿ ಅದು ತೆಗೆದ ಸ್ಥಳದ ಅಕ್ಷಾಂಶ ರೇಖಾಂಶವೂ ಅಡಗಿರುತ್ತದೆ. ಮನೆಯಲ್ಲಿ, ಶಾಲೆಯಲ್ಲಿ ತೆಗೆದ ಮಕ್ಕಳ ಚಿತ್ರಗಳನ್ನು ಜಾಲತಾಣಕ್ಕೆ ಏರಿಸುವ ಮುನ್ನ ಅದನ್ನು ಅಳಿಸುವುದು ಹೊಣೆಗಾರಿಕೆಯ ಮಾತು. ಫಿಲ್ ಹಾರ್ವೆ 2003ರಿಂದ ಬೆಳೆಸುತ್ತ ಬಂದ ಎಕ್ಸಿಫ್‌ಟೂಲ್ ಸ್ಥಳದ ವಿವರವನ್ನಷ್ಟೇ ತೆಗೆದು, ದಿನಾಂಕವನ್ನೂ ಫೋಟೊಗ್ರಾಫರ ಹೆಸರನ್ನೂ ಹಾಗೆಯೇ ಉಳಿಸುತ್ತದೆ.

ಈಗ ಸ್ಕ್ರಿಪ್ಟನ್ನು ಕೃತಕ ಬುದ್ಧಿಮತ್ತೆಯ ಸಹಾಯಕರಿಂದಲೇ ಬರೆಸಿಕೊಳ್ಳುವವರು ಹೆಚ್ಚು. ಅದರಲ್ಲಿ ತಪ್ಪೇನಿಲ್ಲ, ಕನ್ನಡದಲ್ಲೇ ಕೇಳಿದರೂ ಬರೆದು ಕೊಡುತ್ತವೆ. ಆದರೆ ಏನು ಬೇಕು ಎಂದು ಬಿಡಿಸಿ ಹೇಳಲು ಕೆಲಸದ ಹೆಜ್ಜೆಗಳು ಕೇಳುವವರಿಗೆ ಗೊತ್ತಿರಬೇಕು, ಬಂದ ಸಾಲುಗಳಲ್ಲಿ ಯಾವುದು ಅಳಿಸುವುದು, ಯಾವುದು ಉಳಿಸುವುದು ಎಂದು ಓದಲು ಬರಬೇಕು. ಹತ್ತು ಚಿತ್ರಗಳ ನಕಲು ಫೋಲ್ಡರಿನಲ್ಲಿ ಮೊದಲು ಓಡಿಸಿ, ಹತ್ತನ್ನೂ ತೆರೆದು ನೋಡಿ, ಆಮೇಲೆ ಮುನ್ನೂರಕ್ಕೆ ಕೈಹಾಕುವ ಶಿಸ್ತು ಯಾರು ಬರೆದ ಸ್ಕ್ರಿಪ್ಟಿಗೂ ಬೇಕು.

ಹೀಗೆ ಉಳಿತಾಯವಾದ ಸಮಯಕ್ಕೆ ಮುಂಬೈ ಕನ್ನಡಿಗರ ಬಳಿ ಕೆಲಸ ಕಾದಿದೆ. ಸಂಘಗಳ ಕಪಾಟುಗಳಲ್ಲಿ ದಶಕಗಳ ಹಳೆಯ ಸಂಚಿಕೆಗಳಿವೆ, ಸ್ಮರಣ ಸಂಚಿಕೆಗಳಿವೆ, ನಾಟಕಗಳ ಮತ್ತು ರಾತ್ರಿಶಾಲೆಗಳ ಗುಂಪು ಫೋಟೊಗಳಿವೆ. ಮುಂಬೈಯ ಮಳೆಗಾಲದ ತೇವ ಕಾಗದವನ್ನು ಬಿಡುವುದಿಲ್ಲ. ಸ್ಕ್ಯಾನ್ ಮಾಡಿದ ಪುಟಗಳನ್ನು ನೆಟ್ಟಗೆ ಮಾಡಲು ಇಮೇಜ್‌ಮ್ಯಾಜಿಕ್‌ನಲ್ಲಿ ‘ಡೆಸ್ಕ್ಯೂ’ ಇದೆ; ವರ್ಷ, ತಿಂಗಳು, ಪುಟಸಂಖ್ಯೆ ಸೇರಿಸಿ ಹೆಸರಿಡುವುದು ಸ್ಕ್ರಿಪ್ಟಿಗೆ ಕ್ಷಣದ ಕೆಲಸ. ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದಿ ಪಠ್ಯವಾಗಿಸುತ್ತದೆ. ಮೊಳೆ ಜೋಡಿಸಿದ ಕಾಲದ ಅಚ್ಚಿನಲ್ಲಿ ಅದು ಒತ್ತಕ್ಷರಗಳನ್ನು ಆಗಾಗ ತಪ್ಪು ಓದುತ್ತದೆ, ಕರಡು ತಿದ್ದುವವರು ಬೇಕೇ ಬೇಕು.

ಗುಂಪು ಫೋಟೊಗಳ ಸಂಗತಿ ಇನ್ನೂ ತುರ್ತಿನದು. ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವರು ಯಾರೆಂದು ಯಾವ ತಂತ್ರಾಂಶವೂ ಹೇಳದು. ಹೇಳಬಲ್ಲ ಹಿರಿಯರಿಗೆ ಈಗ ಎಂಬತ್ತರ ಆಸುಪಾಸು. ಅವರ ಮನೆಗೆ ಹೋಗಿ ಕೂತು, ಫೋಟೊ ತೋರಿಸಿ, ಅವರು ಹೇಳಿದ ಹೆಸರುಗಳನ್ನು ಎಕ್ಸೆಲ್ ಹಾಳೆಯಲ್ಲಿ ಬರೆದುಕೊಳ್ಳಬೇಕು: ಮೊದಲ ಕಾಲಮ್ಮಿನಲ್ಲಿ ಕಡತದ ಹೆಸರು, ಎರಡನೆಯದರಲ್ಲಿ ಎಡದಿಂದ ಬಲಕ್ಕೆ ನಿಂತವರ ಹೆಸರು, ಊರು, ವರ್ಷ. ಆ ಹಾಳೆಯನ್ನು ಸಿಎಸ್‌ವಿ ಮಾಡಿ ಎಕ್ಸಿಫ್‌ಟೂಲ್‌ಗೆ ಕೊಟ್ಟರೆ, ಪ್ರತಿ ಫೋಟೊದ ವಿವರಣೆಯ ಜಾಗದಲ್ಲಿ ಅದರದರ ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತದೆ. ಮುಂದೆ ಆ ಕಡತ ಯಾವ ಕಂಪ್ಯೂಟರಿಗೆ ಹೋದರೂ, ಯಾರ ಹಾರ್ಡ್‌ಡಿಸ್ಕ್ ಸೇರಿದರೂ ಹೆಸರುಗಳು ಚಿತ್ರದ ಜತೆಗೇ ಇರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಕಳಿಸಿದರೆ ಮಾತ್ರ ಈ ವಿವರ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು.